ಹೆರಿಗೆಯ ಭಂಗಿಗಳು: ಯಾವುದು ಯಾವಾಗ, ಪೆಟ್ಟು ಎಲ್ಲಿ, ತಪ್ಪಿಸುವುದು ಹೇಗೆ

ಅಂಗಾತ ಮಲಗಿ, ಕಾಲೆರಡನ್ನೂ ಕಂಬಿಗೆ ಏರಿಸಿ ಹೆರುವ ಕ್ರಮ ಹೆರಿಗೆ ಮಾಡಿಸುವವರ ಕಣ್ಣಿಗೂ ಕೈಗೂ ಅನುಕೂಲ, ಹೆರುವವಳ ಸೊಂಟಕ್ಕಲ್ಲ. ಇಷ್ಟು ಹೇಳಿದ ಕೂಡಲೇ ‘ಹಾಗಾದರೆ ಕುಕ್ಕರುಗಾಲಲ್ಲಿ ಕೂತರೆ ಹೊಲಿಗೆಯೇ ಬೇಡವೇ?’ ಎಂಬ ಪ್ರಶ್ನೆ ಬರುತ್ತದೆ. ಬೇಕಾಗಬಹುದು. ಒಂದೊಂದು ಭಂಗಿಗೂ ಅದರದ್ದೇ ಲಾಭ, ಅದರದ್ದೇ ಪೆಟ್ಟು ಇದ್ದೇ ಇದೆ. ಭಂಗಿಯಿಂದಾಗುವ ಪೆಟ್ಟಿಗೆ ಮುಖ್ಯ ಕಾರಣ ಎರಡು: ಒಂದೇ ಭಂಗಿಯಲ್ಲಿ ಬಹಳ ಹೊತ್ತು ಉಳಿದದ್ದು, ಇಲ್ಲವೇ ತಲೆ ಹೊರಬರುವ ಕೊನೆಯ ಕೆಲವು ನಿಮಿಷ ಅವಸರ ಮಾಡಿದ್ದು.

ಇಲ್ಲಿರುವುದು ತರಬೇತಾದ ಸೂಲಗಿತ್ತಿಯೋ ಡಾಕ್ಟರೋ ಎದುರಿಗಿದ್ದು ಆಗುವ, ತಲೆ ಕೆಳಗಾಗಿರುವ ಒಂಟಿ ಮಗುವಿನ ಸಹಜ ಹೆರಿಗೆಯ ಮಾತು. ಜೊತೆಗಿರುವವರೂ ಓದಿಕೊಳ್ಳಿ. ನೋವಿನ ನಡುವೆ ಇದನ್ನೆಲ್ಲ ನೆನಪಿಸಬೇಕಾದವರು ನೀವೇ.

ಹರಿಯುವುದು ಎಂದರೆ ಎಷ್ಟು

ಯೋನಿಗೂ ಗುದದ್ವಾರಕ್ಕೂ ನಡುವಿನ ಜಾಗ ಪೆರಿನಿಯಂ. ಚೊಚ್ಚಲ ಹೆರಿಗೆಯಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಮಂದಿಗೆ ಅಲ್ಲಿ ತರಚುಗಾಯವೋ, ಸೀಳೋ, ಕತ್ತರಿಯ ಗಾಯವೋ ಏನಾದರೊಂದು ಆಗುತ್ತದೆ. ಹಾಗಾಗಿ ಗುರಿ ಇರಬೇಕಾದದ್ದು ‘ಒಂದು ಗೆರೆಯೂ ಬೀಳಬಾರದು’ ಎಂದಲ್ಲ, ‘ಗುದದ ಬಿಗಿಸ್ನಾಯುವಿನವರೆಗೆ ಹೋಗಬಾರದು’ ಎಂದು.

ಚರ್ಮ, ಒಳಪದರ ಮಾತ್ರ ಹರಿದರೆ ಮೊದಲ ದರ್ಜೆ. ಎಷ್ಟೋ ಸಲ ಹೊಲಿಗೆಯೇ ಬೇಕಾಗದು. ಪೆರಿನಿಯಂನ ಸ್ನಾಯು ಹರಿದರೆ ಎರಡನೆಯದು. ಕತ್ತರಿ ಹಾಕಿದರೂ, ಅಂದರೆ ಎಪಿಸಿಯಾಟಮಿ ಮಾಡಿದರೂ, ಗಾಯ ಇಷ್ಟೇ ಆಳ. ಗುದವನ್ನು ಬಿಗಿಹಿಡಿಯುವ ಸ್ನಾಯುವಿಗೆ ತಾಗಿದರೆ ಮೂರನೆಯದು, ಗುದನಾಳದ ಒಳಪದರವೂ ಹರಿದರೆ ನಾಲ್ಕನೆಯದು. ಗಾಳಿ, ಮಲ ತಡೆಯಲಾಗದ ತೊಂದರೆಗೆ ದಾರಿಯಾಗುವುದು ಈ ಕೊನೆಯ ಎರಡು. ಬ್ರಿಟನ್ನಿನ ಲೆಕ್ಕದಲ್ಲಿ ಚೊಚ್ಚಲ ಹೆರಿಗೆಯಲ್ಲಿ ಇವು ನೂರರಲ್ಲಿ ಸುಮಾರು 6 ಮಂದಿಗೆ, ಆಮೇಲಿನ ಹೆರಿಗೆಗಳಲ್ಲಿ ಸುಮಾರು 2 ಮಂದಿಗೆ ಆಗುತ್ತವೆ. ಮಗು 4 ಕೆಜಿ ದಾಟಿದ್ದರೆ, ಮಗುವಿನ ಮುಖ ತಾಯಿಯ ಹೊಟ್ಟೆಯ ಕಡೆಗಿದ್ದರೆ, ತಲೆ ಹಿಡಿದೆಳೆಯುವ ಇಕ್ಕಳ, ಅಂದರೆ ಫೋರ್ಸೆಪ್ಸ್, ಬಳಸಿದರೆ, ಮುಕ್ಕುವ ಹಂತ ಬಹಳ ಎಳೆದರೆ ಅಪಾಯ ಏರುತ್ತದೆ. ಇವುಗಳಲ್ಲಿ ಕೆಲವನ್ನು ಭಂಗಿಯಿಂದ ಬದಲಿಸಬಹುದು, ಎಲ್ಲವನ್ನೂ ಅಲ್ಲ.

ಮುಂಚೆಯೇ ಮಾಡಿಟ್ಟುಕೊಳ್ಳುವುದು

34–35ನೇ ವಾರದಿಂದ ಪೆರಿನಿಯಂ ಮಸಾಜ್ ಶುರುಮಾಡಬಹುದು. ಉಗುರು ಕತ್ತರಿಸಿ, ಕೈ ತೊಳೆದು, ಪರಿಮಳವಿಲ್ಲದ ಎಣ್ಣೆ ಸವರಿ ಹೆಬ್ಬೆರಳನ್ನು 3–4 ಸೆಂ.ಮೀ. ಒಳಗಿಡಿ. ಗುದದ ಕಡೆಗೆ ಒತ್ತಿ, ಉರಿ ಬಂದಂತಾದಾಗ ಒಂದೆರಡು ನಿಮಿಷ ಹಾಗೇ ಹಿಡಿದು, ಆಮೇಲೆ ಎರಡೂ ಪಕ್ಕಕ್ಕೆ ಅರ್ಧವೃತ್ತದಲ್ಲಿ ನೀವಿ. ಒಟ್ಟು ಐದರಿಂದ ಹತ್ತು ನಿಮಿಷ, ವಾರಕ್ಕೆ ಒಂದೆರಡು ಸಲ ಸಾಕು. ದಿನಾ ಮಾಡಿದರೆ ಫಲ ಹೆಚ್ಚು ಎಂದೇನಿಲ್ಲ. ಚೊಚ್ಚಲ ಹೆರಿಗೆಯವರಲ್ಲಿ ಕತ್ತರಿ, ಹೊಲಿಗೆ ಸ್ವಲ್ಪ ಕಡಿಮೆಯಾಗುವುದು ಕಂಡುಬಂದಿದೆ. ಸೋಂಕು, ರಕ್ತಸ್ರಾವ ಇದ್ದರೆ, ನೀರು ಒಡೆದಿದ್ದರೆ, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಇದ್ದರೆ ಬೇಡ.

ಬಸುರಿನಲ್ಲೇ ಮುಂಭಾಗದ ಸೊಂಟದ ಮೂಳೆ ನೋಯುತ್ತಿದ್ದವರು ಇನ್ನೊಂದು ಕೆಲಸ ಮಾಡಿ. ಬೆನ್ನಿಗೆ ಒರಗು ಕೊಟ್ಟು, ಮಂಡಿ ಮಡಚಿ ಮಲಗಿ, ಮಂಡಿಗಳನ್ನು ನಿಧಾನ ಅಗಲಿಸುತ್ತಾ ಹೋಗಿ. ನೋವು ಶುರುವಾದ ಕಡೆ ನಿಲ್ಲಿಸಿ, ಎರಡು ಮಂಡಿಗಳ ನಡುವಿನ ಅಂತರವನ್ನು ಟೇಪಿನಲ್ಲಿ ಅಳೆಯಿರಿ. ಆ ಅಳತೆಯನ್ನು ಫೈಲಿನ ಮೊದಲ ಪುಟದಲ್ಲಿ ಬರೆಸಿಡಿ. ಎಪಿಡ್ಯೂರಲ್, ಅಂದರೆ ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಔಷಧ, ಕೊಟ್ಟ ಮೇಲೆ ನಿಮಗೆ ನೋವು ಗೊತ್ತಾಗುವುದಿಲ್ಲ, ಕಾಲು ಅಗಲಿಸುವವರಿಗೆ ಮಿತಿ ಗೊತ್ತಿರುವುದಿಲ್ಲ. ಮುಂಭಾಗದ ಮೂಳೆಗಳ ಕೂಡುಜಾಗ ಬಾಯಿಬಿಡುವುದಕ್ಕೆ ಅಷ್ಟು ಸಾಕು. ಬಸುರಿನಲ್ಲಿ ಆ ಸಂದು ಕೆಲವು ಮಿ.ಮೀ. ಅಗಲವಾಗುವುದು ಸಹಜ. 10 ಮಿ.ಮೀ. ದಾಟಿದರೆ ಅದು ಗಾಯ, ಆಮೇಲೆ ಮಗ್ಗುಲು ತಿರುಗುವುದೂ ಕಷ್ಟ.

ಗರ್ಭಕೋಶದ ಬಾಯಿ ತೆರೆಯುವ ಹಂತ

ಈ ಹಂತದಲ್ಲಿ ನಿಂತು, ನಡೆದು, ಚೆಂಡಿನ ಮೇಲೆ ಕೂತು ಇದ್ದವರಿಗೆ ಹಾಸಿಗೆ ಹಿಡಿದವರಿಗಿಂತ ಮೊದಲ ಹಂತ ಸರಾಸರಿ ಒಂದು ಗಂಟೆಗೂ ಹೆಚ್ಚು ಬೇಗ ಮುಗಿದದ್ದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಕಂಡಿದೆ. ಸುಸ್ತಾದಾಗ ಮಲಗಿ, ತಪ್ಪೇನಿಲ್ಲ, ಆದರೆ ಮಗ್ಗುಲಾಗಿ. ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ಬೆನ್ನೆಲುಬಿನ ಮುಂದಿರುವ ದೊಡ್ಡ ರಕ್ತನಾಳಗಳ ಮೇಲೆ ಕೂರುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ತಾಯಿಗೆ ತಲೆ ಸುತ್ತಬಹುದು, ಮಗುವಿನ ಎದೆಬಡಿತ ಇಳಿಯಬಹುದು. ಪರೀಕ್ಷೆಗೆಂದು ಅಂಗಾತ ಮಲಗಿಸಿದರೆ ಪರೀಕ್ಷೆ ಮುಗಿದ ತಕ್ಷಣ ತಿರುಗಿಕೊಳ್ಳಿ.

ಎರಡು ಮೂರು ಗಂಟೆಗೊಮ್ಮೆ ಮೂತ್ರಕ್ಕೆ ಹೋಗಿ. ತುಂಬಿದ ಮೂತ್ರಕೋಶ ಇಳಿಯುವ ತಲೆಗೆ ಅಡ್ಡ, ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿಯುವುದಕ್ಕೂ ಅಡ್ಡ. ಭಂಗಿ ಬದಲಿಸಿದರೂ ತಲೆ ಇಳಿಯುತ್ತಿಲ್ಲ ಎನ್ನುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ, ಆದರೂ ಹೆಚ್ಚು ಮರೆಯುವುದೂ ಇದನ್ನೇ.

ನೋವೆಲ್ಲ ಬೆನ್ನಿನಲ್ಲೇ ಇದ್ದರೆ ಮಗುವಿನ ಬೆನ್ನು ನಿಮ್ಮ ಬೆನ್ನಿಗೆ ತಾಗಿರುವ ಸಂಭವವಿದೆ. ಆಗ ಅಂಬೆಗಾಲಿನ ಭಂಗಿ, ಹಿಂದಿನಿಂದ ಯಾರಾದರೂ ಅಂಗೈಯಲ್ಲಿ ಸೊಂಟದ ತ್ರಿಕೋನದ ಮೂಳೆಯನ್ನು ಒತ್ತಿಹಿಡಿಯುವುದು ಆರಾಮ ಕೊಡುತ್ತದೆ. ಮಗು ತಿರುಗಿಯೇ ತಿರುಗುತ್ತದೆ ಎಂಬ ಭರವಸೆ ಮಾತ್ರ ಬೇಡ.

ಮುಕ್ಕುವ ಹಂತ: ಒಂದೊಂದೇ ಭಂಗಿ

ಬಾಯಿ ಪೂರ್ತಿ, ಅಂದರೆ 10 ಸೆಂ.ಮೀ., ತೆರೆದ ಮೇಲೂ ಮುಕ್ಕಬೇಕೆನಿಸದಿದ್ದರೆ ಕಾಯಿರಿ. ಚೊಚ್ಚಲಿಗೆ ಈ ಹಂತ 3 ಗಂಟೆಯವರೆಗೆ, ಆಮೇಲಿನವಕ್ಕೆ 2 ಗಂಟೆಯವರೆಗೆ ಇರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸು ಹೇಳುತ್ತದೆ. ಭಂಗಿಯ ಆಯ್ಕೆ ಹೆರುವವಳದ್ದು ಎಂದೂ ಅದರಲ್ಲಿದೆ, ಎಪಿಡ್ಯೂರಲ್ ಇದ್ದರೂ ಇಲ್ಲದಿದ್ದರೂ.

*ಮಗ್ಗುಲು.* ಚೊಚ್ಚಲ ಹೆರಿಗೆಗೆ ನಾವು ಮೊದಲು ಸೂಚಿಸುವುದು ಇದನ್ನು. ಎಡ ಮಗ್ಗುಲಾಗಿ, ಬೆನ್ನು ಸ್ವಲ್ಪ ಬಾಗಿಸಿ, ಕೆಳಗಿನ ಕಾಲನ್ನು ಅರ್ಧ ಮಡಚಿ ಮಲಗಿ. ನೋವು ಬಂದಾಗ ಮೇಲಿನ ಕಾಲನ್ನು ಜೊತೆಗಿರುವವರು ಎತ್ತಿಹಿಡಿಯಲಿ, ಒಂದು ಕೈ ತೊಡೆಯ ಕೆಳಗೆ, ಇನ್ನೊಂದು ಪಾದದ ಅಡಿಗೆ. ನೋವು ಬಿಟ್ಟಾಗ ಇಳಿಸಿ ದಿಂಬಿನ ಮೇಲಿಡಲಿ. ಮೇಲಿನ ಕಾಲನ್ನು ಆಕಾಶಕ್ಕೆ ಎತ್ತುವ ಅಗತ್ಯವಿಲ್ಲ, ತಲೆ ದಾಟುವಷ್ಟು ಜಾಗ ಸಾಕು. ಅತಿಯಾಗಿ ಅಗಲಿಸಿದಷ್ಟೂ ಪೆರಿನಿಯಂ ಬಿಗಿಯಾಗುತ್ತದೆ. ಈ ಭಂಗಿಯಲ್ಲಿ ಬಾಲದ ಮೂಳೆ ಹಾಸಿಗೆಗೆ ಒತ್ತಿಕೊಂಡಿರುವುದಿಲ್ಲ, ತಲೆ ಬಂದಾಗ ಹಿಂದಕ್ಕೆ ಸರಿಯಬಲ್ಲದು. ತಲೆಯ ಭಾರ ನೇರ ಪೆರಿನಿಯಂ ಮೇಲೆ ಬೀಳದೆ ಇಳಿತ ನಿಧಾನವಾಗುತ್ತದೆ. ಸ್ವೀಡನ್ನಿನಲ್ಲಿ ದೊಡ್ಡ ಸಂಖ್ಯೆಯ ಹೆರಿಗೆಗಳ ದಾಖಲೆ ನೋಡಿದಾಗ, ಚೊಚ್ಚಲ ಹೆರಿಗೆಯವರಲ್ಲಿ ಗುದದ ಸ್ನಾಯು ಹರಿಯುವುದು ಕೂತು ಹೆತ್ತವರಿಗಿಂತ ಮಗ್ಗುಲಾಗಿ ಹೆತ್ತವರಲ್ಲಿ ಸ್ವಲ್ಪ ಕಡಿಮೆ ಇತ್ತು. ಕಾಲು ಕಂಬಿಗೇರಿಸಿದವರಲ್ಲಿ ಹೆಚ್ಚಿತ್ತು, ಅದು ಎಷ್ಟನೇ ಹೆರಿಗೆಯಾದರೂ.

*ಅಂಬೆಗಾಲು, ಮಂಡಿಯೂರು.* ಕೈ ಊರಿ ಬಹಳ ಹೊತ್ತು ನಿಂತರೆ ಮಣಿಕಟ್ಟು ಸೋಲುತ್ತದೆ. ಹಾಸಿಗೆಯ ತಲೆಭಾಗವನ್ನು ಎತ್ತಿ ಅದರ ಮೇಲೋ, ದಿಂಬಿನ ರಾಶಿಯ ಮೇಲೋ ಎದೆ ಒರಗಿಸಿ. ಮಂಡಿಯ ಕೆಳಗೆ ದಪ್ಪ ಹಾಸು ಇರಲಿ. ಮಗು ಹಿಂದಿನಿಂದ ಬರುವುದರಿಂದ ಹಿಡಿಯುವವರಿಗೆ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಈ ಭಂಗಿಯಲ್ಲಿ ಹೆರಿಗೆ ಮಾಡಿಸಿ ರೂಢಿ ಇಲ್ಲದವರು ಕೊನೇ ಗಳಿಗೆಯಲ್ಲಿ ‘ತಿರುಗಿ ಮಲಗಿ’ ಎನ್ನುವುದು ಇದಕ್ಕೇ. ಆ ಮಾತನ್ನು ಮುಂಚೆಯೇ ಆಡಿಕೊಳ್ಳಿ. ತಲೆ ಅರ್ಧ ಹೊರಬಂದಿರುವಾಗ ಮೈ ತಿರುಗಿಸುವುದು ಯಾರಿಗೂ ಹಿತವಲ್ಲ.

*ಕುಕ್ಕರುಗಾಲು, ಹೆರಿಗೆ ಪೀಠ.* ಸೊಂಟದ ಕೆಳಬಾಯಿ ಚೆನ್ನಾಗಿ ತೆರೆಯುತ್ತದೆ, ಭೂಮಿಯ ಸೆಳೆತವೂ ಸೇರುತ್ತದೆ. ತಲೆ ಮೇಲೇ ನಿಂತುಬಿಟ್ಟಾಗ ಇಳಿಸಲು ಇದು ಒಳ್ಳೆಯ ಉಪಾಯ. ತೊಡಕೂ ಆ ಜೋರಿನಲ್ಲೇ ಇದೆ: ಕೊನೆಯಲ್ಲಿ ತಲೆ ಸರ್ರನೆ ಬರುತ್ತದೆ, ಕೆಳಗಿನಿಂದ ಕೈ ಆಸರೆ ಕೊಡುವುದು ಕಷ್ಟ. ಅದೇ ಸ್ವೀಡನ್ನಿನ ಅಧ್ಯಯನದಲ್ಲಿ ಮುಂಚೆ ಹೆತ್ತಿದ್ದವರಿಗೆ ಕುಕ್ಕರುಗಾಲು, ಪೀಠ ಎರಡರಲ್ಲೂ ಗುದದ ಸ್ನಾಯು ಹರಿಯುವ ಅಪಾಯ ಹೆಚ್ಚು ಕಂಡಿತ್ತು. ನಡುವೆ ತೂತಿರುವ ಪೀಠದಲ್ಲಿ ಬಹಳ ಹೊತ್ತು ಕೂತರೆ ರಕ್ತ ಇಳಿದು ಯೋನಿಯ ತುಟಿಗಳು ಊದಿಕೊಳ್ಳುತ್ತವೆ, ಊದಿದ ಚರ್ಮ ಬೇಗ ಹರಿಯುತ್ತದೆ. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಎದ್ದು ನಿಲ್ಲಿ. ಹೆಚ್ಚಿನ ಸಂದರ್ಭದಲ್ಲಿ ಒಳ್ಳೆಯ ಕ್ರಮವೆಂದರೆ ಇಳಿಸುವುದಕ್ಕೆ ಕುಕ್ಕರುಗಾಲು, ಹೊರತರುವುದಕ್ಕೆ ಮಗ್ಗುಲು ಅಥವಾ ಅಂಬೆಗಾಲು. ಕುಕ್ಕರುಗಾಲು ರೂಢಿ ಇಲ್ಲದವರು ಹೆರಿಗೆಯ ದಿನವೇ ಅದನ್ನು ಮೊದಲ ಸಲ ಪ್ರಯತ್ನಿಸಬೇಡಿ.

*ಒರಗಿ ಕೂರುವುದು.* ಮಲಗುವುದಕ್ಕಿಂತ ಮೇಲು ಅನಿಸಿದರೂ ಭಾರವೆಲ್ಲ ಬೀಳುವುದು ಬಾಲದ ಮೂಳೆಯ ಮೇಲೆ. ಸೊಂಟದ ಒಂದು ಬದಿಗೆ ಮಡಚಿದ ಟವೆಲ್ ಇಟ್ಟು ಓರೆಯಾಗಿ ಕೂತರೆ ಅಷ್ಟು ಭಾರ ತಪ್ಪುತ್ತದೆ.

*ಕಾಲು ಕಂಬಿಗೆ.* ಫೋರ್ಸೆಪ್ಸ್, ತಲೆಗೆ ಬಟ್ಟಲು ಅಂಟಿಸಿ ಎಳೆಯುವ ವ್ಯಾಕ್ಯೂಮ್, ಹೊಲಿಗೆ ಇವಕ್ಕೆ ಇದು ಬೇಕು. ಬೇಕಾದಾಗ ಬೇಡ ಎನ್ನಬೇಡಿ, ಬೇಡದಾಗ ಅದರಲ್ಲೇ ಉಳಿಯಬೇಡಿ. ಎರಡೂ ಕಾಲನ್ನು ಒಟ್ಟಿಗೆ ಏರಿಸಿ ಒಟ್ಟಿಗೆ ಇಳಿಸಬೇಕು. ಒಂದೊಂದಾಗಿ ಮಾಡಿದರೆ ಸೊಂಟ ತಿರುಚಿಕೊಳ್ಳುತ್ತದೆ.

ಹಲವು ಪ್ರಯೋಗಗಳನ್ನು ಒಟ್ಟಿಗೆ ಅಳೆದು ನೋಡುವ 2017ರ ಕಾಕ್ರೇನ್ ವಿಮರ್ಶೆ ಎಪಿಡ್ಯೂರಲ್ ಇಲ್ಲದವರಲ್ಲಿ ಕೂತು, ಮಂಡಿಯೂರಿ, ಕುಕ್ಕರುಗಾಲಲ್ಲಿ ಇರುವಂಥ ನೇರ ಭಂಗಿಗಳನ್ನು ಮಲಗಿದ ಭಂಗಿಗಳ ಜೊತೆ ಹೋಲಿಸಿತ್ತು. ನೇರ ಭಂಗಿಯಲ್ಲಿ ಉಪಕರಣದ ಬಳಕೆ, ಕತ್ತರಿ ಎರಡೂ ಸುಮಾರು ಕಾಲು ಭಾಗ ಕಡಿಮೆ. ಎರಡನೇ ದರ್ಜೆಯ ಸೀಳು ಐದರಲ್ಲೊಂದು ಪಾಲಿನಷ್ಟು ಹೆಚ್ಚು ಇರಬಹುದು. 500 ಮಿ.ಲೀ.ಗಿಂತ ಹೆಚ್ಚು ರಕ್ತ ಹೋಗುವ ಸಂಭವ ಸುಮಾರು ಒಂದೂವರೆ ಪಟ್ಟು. ಮೂರು, ನಾಲ್ಕನೇ ದರ್ಜೆಯಲ್ಲಿ ಸ್ಪಷ್ಟ ವ್ಯತ್ಯಾಸವಿಲ್ಲ. ಕತ್ತರಿ ಬಿದ್ದಿದ್ದರೂ ಗಾಯ ಎರಡನೇ ದರ್ಜೆಯದೇ ಆಗಿರುತ್ತಿತ್ತಲ್ಲ, ಹಾಗಾಗಿ ಸೀಳಿನ ಅಂಕಿಯೊಂದನ್ನೇ ಹಿಡಿದು ಹೆದರುವುದು ಸರಿಯಲ್ಲ. ರಕ್ತದ ಅಂಕಿಯನ್ನು ಮಾತ್ರ ಹಗುರಾಗಿ ನೋಡಬೇಡಿ, ರಕ್ತ ಕಡಿಮೆ ಇರುವವರಂತೂ ಇದನ್ನು ಡಾಕ್ಟರ ಜೊತೆ ಮಾತಾಡಿಯೇ ಭಂಗಿ ಆರಿಸಿಕೊಳ್ಳಿ. ಮಗು ಹುಟ್ಟಿದ ಕೂಡಲೇ ನೇರ ಭಂಗಿ ಬಿಟ್ಟು ಒರಗಿ ಮಲಗಿ, ಹೋದ ರಕ್ತವನ್ನು ಪಾತ್ರೆಯಲ್ಲಿ ಅಳೆಯಲಿ.

ಎಪಿಡ್ಯೂರಲ್ ಇದ್ದಾಗ

ಇಲ್ಲಿ ಲೆಕ್ಕ ಬೇರೆ. ಚೊಚ್ಚಲ ಹೆರಿಗೆಯ, ಕಡಿಮೆ ಡೋಸಿನ ಎಪಿಡ್ಯೂರಲ್ ಪಡೆದವರ ಮೇಲೆ ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಮಗ್ಗುಲಾಗಿ ಮಲಗಿದವರಲ್ಲಿ ನೂರಕ್ಕೆ 41 ಮಂದಿ ಉಪಕರಣವಿಲ್ಲದೆ ಹೆತ್ತರು, ನೇರ ಇದ್ದವರಲ್ಲಿ 35 ಮಂದಿ. ಹಾಗಾಗಿ ಎಪಿಡ್ಯೂರಲ್ ಇದ್ದರೆ ಮಗ್ಗುಲು. ಮಂಡಿಗಳ ನಡುವೆ ದಿಂಬೋ, ನೆಲಗಡಲೆ ಆಕಾರದ ಚೆಂಡೋ ಇಟ್ಟು, ಅರ್ಧ ಗಂಟೆಗೊಮ್ಮೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತಿರುಗಿಸಿ.

ನರದ ಪೆಟ್ಟು ಸದ್ದಿಲ್ಲದೆ ಆಗುವುದು ಇಲ್ಲೇ. ಮರಗಟ್ಟಿದ ಕಾಲು ‘ಸಾಕು’ ಎನ್ನುವುದಿಲ್ಲ. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಬೆರಳಿಗೆ ಸಿಗುವ ಗುಂಡು ಮೂಳೆಯನ್ನು ಸುತ್ತಿಕೊಂಡು ಒಂದು ನರ ಚರ್ಮದ ಅಡಿಯಲ್ಲೇ ಹೋಗುತ್ತದೆ. ಮುಕ್ಕುವಾಗ ಸಹಾಯಕ್ಕೆಂದು ಮಂಡಿಯನ್ನು ಹಿಡಿದವರ ಬೆರಳುಗಳು, ಕಂಬಿಯ ಅಂಚು, ಬಹಳ ಹೊತ್ತಿನ ಕುಕ್ಕರುಗಾಲು ಇವೆಲ್ಲ ಒತ್ತುವುದು ಆ ನರವನ್ನೇ. ಪರಿಣಾಮ, ಪಾದ ಎತ್ತಲಾಗದೆ ಹೆಬ್ಬೆರಳು ನೆಲಕ್ಕೆ ಎಡವುವುದು. ಆದ್ದರಿಂದ ಹಿಡಿಯುವವರು ಮಂಡಿಯ ಹೊರಬದಿ ಮುಟ್ಟಬೇಡಿ. ಹಿಡಿತ ತೊಡೆಯ ಹಿಂಭಾಗದಲ್ಲೋ ಅಂಗಾಲಿನಲ್ಲೋ ಇರಲಿ.

ಇನ್ನೊಂದು ಜಾಗ ತೊಡೆಸಂದು. ತೊಡೆಯನ್ನು ಹೊಟ್ಟೆಗೆ ಒತ್ತಿ, ಹೊರಕ್ಕೆ ಅಗಲಿಸಿ ಗಂಟೆಗಟ್ಟಲೆ ಹಿಡಿದರೆ ಅಲ್ಲಿನ ನರ ಮಡಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ತೊಡೆಯ ಹೊರಭಾಗ ಜೋಮು ಹಿಡಿದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಮೆಟ್ಟಿಲು ಹತ್ತುವಾಗ ಮಂಡಿ ಕುಸಿದರೆ ತೋರಿಸಲೇಬೇಕು. ಪ್ರತಿ ನೋವು ಬಿಟ್ಟಾಗಲೂ ಕಾಲನ್ನು ಇಳಿಸಿ ಸಡಿಲ ಬಿಡುವುದೊಂದೇ ಇದಕ್ಕೆಲ್ಲ ಸುಲಭದ ತಡೆ.

ತಲೆ ಕಾಣಿಸಿದ ಮೇಲೆ

ನೋವು ಬಂದಾಗ ತಲೆ ಕಂಡು, ಬಿಟ್ಟಾಗ ಒಳಸರಿಯುವುದು ಒಳ್ಳೆಯದೇ, ಪೆರಿನಿಯಂ ಹಿಗ್ಗಲು ಅದೇ ಸಮಯ. ‘ಕಂಡಿತು, ಬಿಡಬೇಡಿ, ಇನ್ನೂ ಮುಕ್ಕಿ’ ಎಂದು ಸುತ್ತ ನಿಂತವರು ಕೂಗುವುದು ಉತ್ಸಾಹಕ್ಕೆ. ಉಸಿರು ಕಟ್ಟಿ, ಎಣಿಕೆ ಹಾಕಿ ಮುಕ್ಕಿಸುವುದು ಬೇಡ. ಮೈ ಕೇಳಿದಾಗ, ಕೇಳಿದಷ್ಟು ಸಾಕು.

ಪೆರಿನಿಯಂ ಉಬ್ಬತೊಡಗಿದಾಗ ಬಿಸಿಶಾಖ ಶುರುಮಾಡಿ. ಬೇಸಿನ್ನಿನಲ್ಲಿ ಶುದ್ಧ ಬಿಸಿನೀರು, ನಾಲ್ಕು ಮಡಿಕೆಯ ಸ್ವಚ್ಛ ಬಟ್ಟೆ ಬೇಕು. ಹಿಂಡಿದ ಬಟ್ಟೆಯ ಬಿಸಿ 38ರಿಂದ 44 ಡಿಗ್ರಿ ಸೆಲ್ಸಿಯಸ್ ಒಳಗಿರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಮಣಿಕಟ್ಟಿನ ಒಳಬದಿಗೆ ಇಟ್ಟು ನೋಡಿ, ಅಲ್ಲಿ ಚುರ್ ಎಂದರೆ ಇಲ್ಲೂ ಬೇಡ. ಎಪಿಡ್ಯೂರಲ್ ಇದ್ದವರಿಗೆ ಸುಟ್ಟರೂ ಗೊತ್ತಾಗದು, ಅಳೆಯದೆ ಇಡಬೇಡಿ. ನೋವು ಬಂದಾಗ ಪೆರಿನಿಯಂಗೆ ಒತ್ತದೆ ತಾಗಿಸಿ ಹಿಡಿಯಿರಿ, ಆರಿದ ಕೂಡಲೇ ಮತ್ತೆ ಅದ್ದಿ. ಇಷ್ಟು ಸಣ್ಣ ಕೆಲಸ ಮೂರು, ನಾಲ್ಕನೇ ದರ್ಜೆಯ ಸೀಳನ್ನು ಕಡಿಮೆ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಆದರೂ ಬೇಸಿನ್ನು ಮೂಲೆಯಲ್ಲೇ ಉಳಿಯುತ್ತದೆ. ಯಾರು ಬಟ್ಟೆ ಹಿಡಿಯುತ್ತಾರೆ ಎಂದು ಮೊದಲೇ ಕೇಳಿಡಿ.

ತಲೆಯ ಅಗಲವಾದ ಭಾಗ ಯೋನಿಯ ಬಾಯಿಗೆ ಬಂದು ಒಳಸರಿಯದೆ ನಿಂತಾಗ ಉಂಗುರದಂತೆ ಉರಿ ಹತ್ತುತ್ತದೆ. ಮುಕ್ಕುವುದನ್ನು ನಿಲ್ಲಿಸುವ ಗಳಿಗೆ ಅದೇ. ಬಾಯಿ ತೆರೆದು, ಮೇಣದ ಬತ್ತಿ ಆರಿಸುವಂತೆ ಪುಟ್ಟ ಪುಟ್ಟ ಉಸಿರು ಬಿಡಿ. ಗರ್ಭಕೋಶವೇ ಉಳಿದದ್ದನ್ನು ನೂಕುತ್ತದೆ. ಹೆರಿಗೆ ಮಾಡಿಸುವವರ ಒಂದು ಕೈ ತಲೆಯ ವೇಗ ತಡೆಯುತ್ತಿರಲಿ, ಇನ್ನೊಂದು ಪೆರಿನಿಯಂಗೆ ಆಸರೆಯಾಗಿರಲಿ. ತಲೆ ಬಂತೆಂದು ಕೈ ತೆಗೆಯಬಾರದು. ಹೆಗಲು ಬರುವಾಗಲೂ ಹರಿಯುತ್ತದೆ. ಸಾಮಾನ್ಯವಾಗಿ ಮುಂದಿನ ನೋವಿಗೆ ಕಾದರೆ ಹೆಗಲು ತಾನೇ ತಿರುಗಿ ಬರುತ್ತದೆ.

ಕತ್ತರಿ ಎಲ್ಲರಿಗೂ ಹಾಕುವ ಪದ್ಧತಿ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗುವಿನ ಎದೆಬಡಿತ ಕುಸಿದಾಗ, ಫೋರ್ಸೆಪ್ಸ್ ಹಾಕುವಾಗ ಅದಕ್ಕೆ ಕಾರಣವಿದೆ. ಹಾಕಿದರೆ ನಡುಗೆರೆಯಿಂದ 60 ಡಿಗ್ರಿ ಓರೆಯಾಗಿ, ಪೆರಿನಿಯಂ ಪೂರ್ತಿ ಹಿಗ್ಗಿದಾಗ ಹಾಕಬೇಕು. ಹಿಗ್ಗಿದ ಚರ್ಮ ಮರಳಿ ಕುಗ್ಗಿದ ಮೇಲೆ ಆ ಕೋನ ಸುಮಾರು 45ಕ್ಕೆ ಇಳಿಯುತ್ತದೆ. ನೇರ ಕೆಳಕ್ಕೆ ಹಾಕಿದ ಕತ್ತರಿ ಗುದಕ್ಕೆ ದಾರಿ ತೋರಿಸುತ್ತದೆ. ಮೇಲಿನಿಂದ ಹೊಟ್ಟೆ ಒತ್ತಿ ಮಗುವನ್ನು ಇಳಿಸುವುದನ್ನು ಅದೇ ಸಂಸ್ಥೆ ಸ್ಪಷ್ಟವಾಗಿ ಬೇಡವೆಂದಿದೆ. ಯಾರಾದರೂ ಮೊಣಕೈ ಊರಿದರೆ ಜೊತೆಗಿರುವವರು ಬಾಯಿಬಿಟ್ಟು ಕೇಳಲೇಬೇಕು.

ಆಯ್ಕೆ ಬಿಟ್ಟುಕೊಡಬೇಕಾದ ಹೊತ್ತು

ತಲೆ ಬಂದು ಹೆಗಲು ಸಿಕ್ಕಿಹಾಕಿಕೊಂಡರೆ ಸಮಯ ನಿಮಿಷಗಳಲ್ಲಿದೆ. ಆಗ ಅಂಗಾತ ಮಲಗಿಸಿ ಎರಡೂ ತೊಡೆಯನ್ನು ಹೊಟ್ಟೆಗೆ ಮಡಚಿ ಒತ್ತುತ್ತಾರೆ, ಮುಂಭಾಗದ ಮೂಳೆಯ ಮೇಲ್ಗಡೆ ಒತ್ತಡ ಕೊಡುತ್ತಾರೆ. ಅಂಬೆಗಾಲಿಗೆ ತಿರುಗಿಸುವುದೂ ಉಂಟು. ಮೂಳೆಯ ಮೇಲ್ಗಡೆಯ ಆ ಒತ್ತಡ ಹೊಟ್ಟೆಯ ಮೇಲ್ಭಾಗ ಒತ್ತುವುದಲ್ಲ, ಎರಡನ್ನೂ ಒಂದೆಂದು ತಿಳಿಯಬೇಡಿ. ಮೇಲೆ ‘ಬೇಡ’ ಎಂದ ಭಂಗಿ ಇಲ್ಲಿ ಜೀವ ಉಳಿಸುತ್ತದೆ. ಹೇಳಿದಂತೆ, ತಕ್ಷಣ ಮಾಡಿ.

ಹೆರಿಗೆಯಾದ ಮೇಲೆ ಕೇಳಬೇಕಾದದ್ದು

ಹೊಲಿಯುವ ಮೊದಲು, ಮೇಲ್ನೋಟಕ್ಕೆ ಏನೂ ಇಲ್ಲದಿದ್ದರೂ, ಗುದದೊಳಗೆ ಬೆರಳಿಟ್ಟು ಪರೀಕ್ಷಿಸಬೇಕು. ಗುದದ ಸ್ನಾಯುವಿನ ಸೀಳು ತಪ್ಪಿಹೋಗುವುದು ಈ ಪರೀಕ್ಷೆ ಬಿಟ್ಟಾಗ. 6 ಗಂಟೆಯೊಳಗೆ ಮೂತ್ರ ಹೋಗದಿದ್ದರೆ ಹೇಳಿ. ಎಪಿಡ್ಯೂರಲ್ ಇಳಿದ ಮೇಲೂ ಪಾದ ಎತ್ತಲಾಗದಿದ್ದರೆ, ಮಂಡಿ ಕುಸಿದರೆ ಅಂದೇ ಪರೀಕ್ಷೆ ಮಾಡಿಸಿ. ಹೆಚ್ಚಿನ ನರದ ಪೆಟ್ಟುಗಳು ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತವೆ, ಆದರೆ ಬೆನ್ನಿನೊಳಗಿನ ರಕ್ತಗಡ್ಡೆಯಂಥ ಅಪರೂಪದ ಕಾರಣವನ್ನು ಮೊದಲು ತಳ್ಳಿಹಾಕಬೇಕು. ಗಂಟೆಗೆ ಒಂದು ಪ್ಯಾಡ್ ತೊಯ್ದುಹೋಗುವಷ್ಟು ರಕ್ತ, ಜ್ವರ, ಕೆಟ್ಟ ವಾಸನೆಯ ಸ್ರಾವ, ಹೊಲಿಗೆ ಬಿಡುವುದು, ಗಾಳಿ ಅಥವಾ ಮಲ ತಡೆಯಲಾಗದಿರುವುದು ಇವು ಕಾಯುವ ವಿಷಯಗಳಲ್ಲ. ಕೊನೆಯದನ್ನು ನಾಚಿಕೆಗೆ ಮುಚ್ಚಿಡುವವರೇ ಹೆಚ್ಚು.

ಮೂರು, ನಾಲ್ಕನೇ ದರ್ಜೆಯ ಸೀಳನ್ನು ಸರಿಯಾಗಿ ಹೊಲಿದರೆ ಒಂದು ವರ್ಷದ ಹೊತ್ತಿಗೆ ನೂರರಲ್ಲಿ 60ರಿಂದ 80 ಮಂದಿಗೆ ಯಾವ ತೊಂದರೆಯೂ ಉಳಿಯುವುದಿಲ್ಲ. ಆಂಟಿಬಯಾಟಿಕ್, ಮಲ ಮೆತ್ತಗಾಗಿಸುವ ಔಷಧ, ಆಮೇಲೆ ಫಿಸಿಯೋಥೆರಪಿ ಬೇಕು. 6ರಿಂದ 12 ವಾರದೊಳಗೆ ಮರುಪರೀಕ್ಷೆ. ಮುಂದಿನ ಹೆರಿಗೆ ಸಹಜವಾಗಲಿ ಎನ್ನಬೇಕೋ ಸಿಸೇರಿಯನ್ ಬೇಕೋ ಎಂಬುದು, ಸೀಳು ಯಾವ ದರ್ಜೆಯದು, ತೊಂದರೆ ಉಳಿದಿದೆಯೇ ಎಂಬುದರ ಮೇಲೆ ನಿಲ್ಲುತ್ತದೆ. ಡಿಸ್ಚಾರ್ಜ್ ಹಾಳೆಯಲ್ಲಿ ‘ಹೊಲಿಗೆ ಹಾಕಲಾಗಿದೆ’ ಎಂದಷ್ಟೇ ಇದ್ದರೆ, ದರ್ಜೆಯನ್ನೂ ಹೆತ್ತ ಭಂಗಿಯನ್ನೂ ಬರೆಸಿಕೊಂಡೇ ಹೊರಡಿ.